ಕೌದಿಯ ಮೇಲೆ ಉಳಿದ ತಿರುಪು

ಮಿಸ್ತ್ರಿಯವರ ಎಡಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಹರೆಯದಲ್ಲಿ ಯಾವುದೋ ಲಾರಿಯ ಜ್ಯಾಕು ಜಾರಿ ಹೋಗಿತ್ತಂತೆ. ಆ ಬೋಳು ಬೆರಳನ್ನು ನಟ್ಟಿನ ಮೇಲೆ ಆಡಿಸಿ, ಕಣ್ಣು ಮುಚ್ಚಿ, "ಇದು ಹಿಂದಿನ ಗಾಲೀದು" ಎಂದು ಹೇಳಿಬಿಡುತ್ತಿದ್ದರು. ನನಗೆ ಕಣ್ಣು ತೆರೆದು ನೋಡಿದರೂ ಯಾವುದು ಎಲ್ಲಿಯದು ಎಂದು ತಿಳಿಯುತ್ತಿರಲಿಲ್ಲ. "ಕಣ್ಣು ನಂಬಬ್ಯಾಡ್ರಿ ಮಾಸ್ತರ್ರ, ಹೆಬ್ಬಟ್ಟು ಸುಳ್ಳು ಹೇಳೂದಿಲ್ಲ" ಎನ್ನುತ್ತಿದ್ದರು.

ನಮ್ಮದು ಬಸವನ ಬಾಗೇವಾಡಿ. ಅಪ್ಪ ದನದ ಡಾಕ್ಟರಾಗಿದ್ದರು. ಇಲಾಖೆ ಬೇಡವೆಂದು ಹರಾಜಿಗೆ ಹಾಕಿದ ಜೀಪನ್ನು ತಾವೇ ಕೊಂಡು, ಗೊಳಸಂಗಿಯಿಂದ ಯಂಕಂಚಿಯವರೆಗೆ ಯಾವ ಹೊಲದ ದಾರಿಯನ್ನೂ ಬಿಡದೆ ಓಡಿಸಿದರು. ಅವರು ತೀರಿಕೊಂಡ ಮೇಲೆ ಅದು ಹಿತ್ತಲಿನ ಬೇವಿನ ಮರದ ಕೆಳಗೆ ನಿಂತದ್ದು ನಿಂತೇ ಇತ್ತು. ಹಿಂದಿನ ಸೀಟಿನಲ್ಲಿ ಪಕ್ಕದ ಮನೆಯ ಕೋಳಿ ಮೊಟ್ಟೆ ಇಡುತ್ತಿತ್ತು. ಗುಜರಿಯವನು ಬಂದ ದಿನ ಅವ್ವ ಬಾನೆಟ್ಟಿನ ಮೇಲೆ ಕೈಯಿಟ್ಟು ನಿಂತುಬಿಟ್ಟಳು, ಅಲ್ಲಾಡಲಿಲ್ಲ. ಹೈಸ್ಕೂಲಿನಲ್ಲಿ ಗಣಿತ ಕಲಿಸುವ ನಾನು ಹಿಂದೆಮುಂದೆ ನೋಡದೆ, "ಇಲ್ಲೇ ಹಿತ್ತಲದಾಗ ಬಿಚ್ಚಿ ರಿಪೇರಿ ಮಾಡಸ್ತೀನಿ" ಎಂದುಬಿಟ್ಟೆ.

ಅಪ್ಪನ ಕಾಲದಲ್ಲಿ ಆ ಗಾಡಿ ನೋಡಿಕೊಳ್ಳುತ್ತಿದ್ದ ಮಿಸ್ತ್ರಿ ಕೊಲ್ಹಾರದಲ್ಲಿದ್ದಾರೆಂದು ತಿಳಿದು ಹುಡುಕಿಕೊಂಡು ಹೋದೆ. ಅವರ ಮೊದಲಿನ ಗ್ಯಾರೇಜು ಹಳೆಯ ಊರಿನ ಜೊತೆ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿತ್ತು. ಹೊಸ ಊರಲ್ಲಿ ಮನೆಯ ಮುಂದೆಯೇ ಕೆಲಸ ಮಾಡುತ್ತಿದ್ದರು.

"ಡಾಕ್ಟರ್ ಸಾಹೇಬ್ರ ಗಾಡಿ ಇನ್ನೂ ಜೀವಂತ ಐತೇನ್ರಿ?" ಎಂದು ಕೇಳಿದರು.

"ಅರ್ಧಾ ಅದರಿ" ಎಂದೆ.

"ಅರ್ಧಾ ಇದ್ರ ಸಾಕು. ಉಳದರ್ಧಾ ನಾ ನೋಡ್ಕೋತೇನಿ."

ಬಸ್ಸಿಳಿದು ನಮ್ಮ ಮನೆಗೆ ಬರುವಾಗ ಅವರ ಕೈಯಲ್ಲಿ ನಟ್ಟು ಬಿಚ್ಚುವ ಪಾನಾಗಳ ಚೀಲ, ಹೆಗಲ ಮೇಲೆ ಒಂದು ಕೌದಿ. ಹಳೆಯ ಸೀರೆಗಳ ತುಂಡು ಜೋಡಿಸಿ ಹೆಂಡತಿ ಹೊಲಿದುಕೊಟ್ಟದ್ದು. ಅದನ್ನು ಬೇವಿನ ನೆರಳಿಗೆ ಹಾಸಿ, ಬಿಚ್ಚಿದ ಸಾಮಾನುಗಳನ್ನು ಒಂದೊಂದು ತುಂಡಿನ ಮೇಲೆ ಇಡುತ್ತಿದ್ದರು. ಹಸಿರು ತುಂಡಿನ ಮೇಲೆ ಗೇರಿನವು, ಹೂವಿನ ತುಂಡಿನ ಮೇಲೆ ಬ್ರೇಕಿನವು, ಕೆಂಪು ತುಂಡಿನ ಮೇಲೆ ಕಾರ್ಬುರೇಟರಿನ ಹಿತ್ತಾಳೆಯ ಚಿಕ್ಕಚಿಕ್ಕ ಸಾಮಾನು. ಬರೆದಿಡುವ ರೂಢಿಯೇ ಇರಲಿಲ್ಲ. ಒಮ್ಮೆ ನಾನು ಮೊಬೈಲ್ ತೆಗೆದು ಫೋಟೋ ಹೊಡೆಯಲು ಹೋದೆ.

"ನಾ ಏನ್ ಮದುವಿ ಆಲ್ಬಮ್ ಮಾಡಾಕತ್ತೇನೇನ್ರಿ ಮಾಸ್ತರ್ರ? ಇಡ್ರಿ ಅದನ್ನ ಒಳಗ" ಎಂದು ಗದರಿದರು. ಆಮೇಲೆ ಮೆತ್ತಗಾಗಿ, "ಫೋಟೋ ನೋಡಿ ಜೋಡಸಾಕ ಹತ್ತಿದ್ರ ಕೈ ಮರೀತೈತಿ. ಕಡೀಗೆ ಕೌದಿ ಖಾಲಿ ಆಗಬೇಕು. ಒಂದು ಸಾಮಾನ ಉಳೀತಂದ್ರ ಮಿಸ್ತ್ರಿ ಮುಗದಾ ಅಂತ ತಿಳೀರಿ. ಇಷ್ಟು ವರ್ಷದಾಗ ನಂದು ಒಂದೂ ಉಳದಿಲ್ಲ" ಎಂದರು.

ದೀಪಾವಳಿ ಬಂತು. ಅಂದು ಶುಕ್ರವಾರ, ನಮಾಜಿನ ದಿನವಾದ್ದರಿಂದ ಮಿಸ್ತ್ರಿ ಬರಲಿಲ್ಲ. ಅವ್ವ ಹಿತ್ತಲಲ್ಲಿ ದೇವರ ಸಾಮಾನು ತೊಳೆಯಲು ಕುಳಿತಳು. ಎರಡು ಎತ್ತರದ ಹಿತ್ತಾಳೆ ದೀಪದ ಕಂಬಗಳನ್ನು ಬಿಚ್ಚಿ, ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದಾಗ ಕೆಂಪು ತುಂಡಿನ ಮೇಲೆ ಕಪ್ಪಿಟ್ಟು ಬಿದ್ದಿದ್ದ ಹಿತ್ತಾಳೆ ಕಣ್ಣಿಗೆ ಬಿತ್ತು. ಅವ್ವನಿಗೆ ಕನಿಕರ ಬಂತು. ಅವನ್ನೂ ತೊಳೆದು, ಬಂಗಾರದ ಹಾಗೆ ಹೊಳೆಯಿಸಿ, ಅದೇ ಜಾಗದಲ್ಲಿಟ್ಟಳು. ಮರುದಿನ ಮಿಸ್ತ್ರಿ ಏನನ್ನುತ್ತಾರೋ ಎಂದು ನಾನು ಹೆದರಿದ್ದೆ.

ಅವರು ನೋಡಿ ನಕ್ಕೇ ನಕ್ಕರು. "ಅಕ್ಕಾರ, ಕಾರ್ಬುರೇಟರಿಗೆ ಹುಣಚಿಹಣ್ಣಿನ ಅಭಿಷೇಕ ಮಾಡೀರಲ್ಲ!"

"ಹಬ್ಬದಾಗ ಅದೊಂದ ಯಾಕ ಹೊಲಸ ಇರಬೇಕ್ರಿ?" ಎಂದಳು ಅವ್ವ.

ಮುಂದಿನ ತಿಂಗಳು ಜೀಪು ಎದ್ದಿತು. ಮೂರು ಸಲ ಕೆಮ್ಮಿ, ನಾಲ್ಕನೆಯ ಸಲಕ್ಕೆ ಗುಡುಗಿತು. ಅವ್ವ ಅಳುತ್ತಲೇ ಆರತಿ ತಂದಳು. ನಾನು ಕುಣಿಯುವುದೊಂದು ಬಾಕಿ. ತಿರುಗಿ ನೋಡಿದರೆ ಮಿಸ್ತ್ರಿ ಜೀಪಿನ ಕಡೆ ನೋಡುತ್ತಲೇ ಇರಲಿಲ್ಲ. ಕೌದಿಯ ಕೆಂಪು ತುಂಡಿನ ಮೇಲೆ ಗಿಡ್ಡನೆಯ ಹಿತ್ತಾಳೆ ತಿರುಪೊಂದು ಉಳಿದಿತ್ತು.

ಅವರು ಅದನ್ನೆತ್ತಿ ಹೆಬ್ಬೆರಳಾಡಿಸಿದರು. ಕಣ್ಣು ಮುಚ್ಚಿದರು. ಎಂಜಿನ್ ಆರಿಸಿ ಮತ್ತೆ ಬಿಚ್ಚತೊಡಗಿದರು. ಮೂರು ದಿನ ಬಿಚ್ಚಿದರು, ಜೋಡಿಸಿದರು. ಪ್ರತಿಸಲವೂ ಜೀಪು ಓಡುತ್ತಿತ್ತು, ಪ್ರತಿಸಲವೂ ಆ ತಿರುಪು ಉಳಿಯುತ್ತಿತ್ತು. ಯಾವ ತೂತಿಗೂ ಅದರ ಹಲ್ಲು ಕೂಡಲಿಲ್ಲ. ಹಾಗೆಂದು ಜೀಪಿನದಲ್ಲ ಎನ್ನುವಂತೆಯೂ ಇರಲಿಲ್ಲ, ಏಕೆಂದರೆ ಅಪ್ಪನ ಕಾಲದಲ್ಲೇ ಯಾರ್ಯಾರೋ ಅದಕ್ಕೆ ಪಂಪ್‌ಸೆಟ್ಟಿನ ತಿರುಪು, ಟ್ರ್ಯಾಕ್ಟರಿನ ಪೈಪು ಹಾಕಿದ್ದರು. ನನಗಂತೂ ತಲೆಬುಡ ತಿಳಿಯಲಿಲ್ಲ. ಓಡುವ ಗಾಡಿಯನ್ನು ಈ ಮನುಷ್ಯ ಯಾಕೆ ಹೀಗೆ ಕೆದಕುತ್ತಿದ್ದಾರೆ?

"ಓಡ್ಲಿಕತ್ತದಲ್ರಿ ಮಿಸ್ತ್ರಿ, ಬಿಟ್ಟಬಿಡ್ರಿ" ಎಂದೆ.

"ಓಡೂದು ಬ್ಯಾರೆ, ಮುಗಿಯೂದು ಬ್ಯಾರೆ" ಎಂದರು. ಹೆಬ್ಬೆರಳನ್ನೇ ಬಹಳ ಹೊತ್ತು ನೋಡಿಕೊಂಡರು. "ನಾನ ಬಿಚ್ಚಿದ್ದು, ನನಗ ಗೊತ್ತಾಗವಲ್ದು. ಕೈ ಮರತೈತ್ರಿ ಮಾಸ್ತರ್ರ."

ತಿರುಪನ್ನು ನನ್ನ ಅಂಗೈಯಲ್ಲಿಟ್ಟು, ಕೌದಿ ಜಾಡಿಸಿ ಮಡಚಿಕೊಂಡು ಬಸ್ಸು ಹತ್ತಿದರು. ಪಾನಾಗಳ ಚೀಲ ನಮ್ಮ ಹಿತ್ತಲಲ್ಲೇ ಉಳಿಯಿತು. ಮರೆತರೋ ಬೇಕೆಂದೇ ಬಿಟ್ಟರೋ ಎಂದು ಫೋನು ಮಾಡಿದೆ. "ಇರಲಿ ಬಿಡ್ರಿ, ಇನ್ನ ನನಗ್ಯಾಕ?" ಎಂದರು.

ಇಲ್ಲಿ ನನ್ನ ತಪ್ಪೊಂದನ್ನು ಹೇಳಲೇಬೇಕು. ಪೆಟ್ರೋಲ್ ಹಾಕಿಸಲು ಹೋದಲ್ಲಿ ಯಾರೋ ಕೇಳಿದ್ದಕ್ಕೆ, "ಗಾಡಿ ಛಲೋ ಆಗೇದ, ಆದ್ರ ಮಿಸ್ತ್ರಿಗೆ ಮರವು ಬಂದದ" ಎಂದಿದ್ದೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ. ಮಾತು ಮುದ್ದೇಬಿಹಾಳದವರೆಗೂ ಹೋಯಿತು. ಮಿಸ್ತ್ರಿಯವರ ಮನೆಯ ಮುಂದೆ ಗಾಡಿಗಳು ನಿಲ್ಲುವುದು ನಿಂತಿತು. ಬಂದ ಒಬ್ಬಿಬ್ಬರನ್ನೂ ಅವರೇ ತಿರುಗಿಸಿ ಕಳಿಸಿದರಂತೆ. ಬೇಸಿಗೆಯಲ್ಲಿ ತೀರಿಕೊಂಡರು. ನನಗೆ ಸುದ್ದಿ ತಿಳಿಯುವಷ್ಟರಲ್ಲಿ ಮಣ್ಣಾಗಿತ್ತು.

ಈ ಸಲದ ದೀಪಾವಳಿಗೆ ಅವ್ವ ಮತ್ತೆ ದೀಪದ ಕಂಬಗಳನ್ನು ತೊಳೆಯಲು ತಂದಳು. ಒಂದು ಕಂಬ ಹೋದ ಹಬ್ಬದಿಂದಲೂ ವಾಲಿಕೊಂಡೇ ಇತ್ತು. ನಡುವೆ ಅರಿವೆ ಸುತ್ತಿ ನಿಲ್ಲಿಸಿದ್ದಳು. ವರ್ಷವಿಡೀ ಅದನ್ನು ನೋಡಿಯೂ ನಾನು ಏನೂ ಕೇಳಿರಲಿಲ್ಲ.

"ಇದರ ನಡುವಿನ ತಿರುಪು ಹೋದ ವರ್ಷ ತೊಳಿಯೂ ಮುಂದ ನೀರಿನಾಗ ಹೋತೇನೋ" ಎಂದಳು ಅವ್ವ.

ಒಳಗೆ ಹೋಗಿ ಜೀಪಿನ ಕೀಲಿಗೆ ಕಟ್ಟಿಕೊಂಡಿದ್ದ ತಿರುಪನ್ನು ಬಿಚ್ಚಿ ತಂದೆ. ಕಂಬದ ತೂತಿಗಿಟ್ಟು ತಿರುವಿದೆ. ಒಂದು, ಎರಡು, ಎರಡೂವರೆ ಸುತ್ತು. ಕಂಬ ನೆಟ್ಟಗೆ ನಿಂತಿತು.

ಅವ್ವ ಮೊದಲು ಹಿಗ್ಗಿದಳು. ಆಮೇಲೆ ನನ್ನ ಮುಖ ನೋಡಿದಳು, ಬೇವಿನ ಕಡೆ ನೋಡಿದಳು, ಹುಣಸೆಹಣ್ಣಿನ ಕೈಯಲ್ಲೇ ಬಾಯಿ ಮುಚ್ಚಿಕೊಂಡಳು. ಕೈ ತೊಳೆದುಕೊಂಡು ತಿರುಪನ್ನು ಮತ್ತೆ ಬಿಚ್ಚಿ ನನ್ನ ಕೈಗೆ ಕೊಟ್ಟಳು.

"ಕೊಲ್ಹಾರಕ್ಕ ಹೋಗು. ಅವರ ಮನ್ಯಾಗ ಹೇಳಿ ಬಾ."

ಜೀಪಿನಲ್ಲೇ ಹೋದೆ. ಅವರ ಹೆಂಡತಿ ಹೊಸ್ತಿಲ ಒಳಗೆ ಕುಳಿತು ಎಲ್ಲ ಕೇಳಿಸಿಕೊಂಡರು. ತಿರುಪನ್ನು ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು.

"ಹಂಗಾದ್ರ ಅವರು ಮರತಿರಲಿಲ್ಲೇನ್ರಿ?"

"ಇಲ್ರಿ. ಅದು ಜೀಪಿಂದ ಅಲ್ಲ ಅಂತ ಅವರ ಹೆಬ್ಬಟ್ಟು ಖರೇನ ಹೇಳಿತ್ತರಿ. ನಾವು ಯಾರೂ ಕೇಳಲಿಲ್ಲ."

"ಇದನ್ನ ಅವರಿಗಿ ಯಾರು ಹೇಳಬೇಕ್ರಿ ಈಗ?" ಎಂದರು. ನಾನು ಗಣಿತದ ಮಾಸ್ತರ, ಒಂದು ದಿನವೂ ಕೌದಿಯ ಮೇಲಿನ ಸಾಮಾನು ಎಣಿಸಿರಲಿಲ್ಲ.

ಇಂಡಿಯಲ್ಲೋ ಸಿಂದಗಿಯಲ್ಲೋ ಜೀಪು ನಿಲ್ಲಿಸಿದರೆ ಜನ ಸುತ್ತಿಕೊಳ್ಳುತ್ತಾರೆ, ಯಾರು ಮಾಡಿದ್ದು ಎಂದು ಕೇಳುತ್ತಾರೆ. ಕೊಲ್ಹಾರದ ಮಿಸ್ತ್ರಿ ಎನ್ನುತ್ತೇನೆ. ಜನ ಮತ್ತೇನೂ ಕೇಳದಿದ್ದರೂ ನಾನಾಗಿ ಇನ್ನೊಂದು ಮಾತು ಸೇರಿಸುತ್ತೇನೆ, "ಒಂದು ಸಾಮಾನೂ ಉಳಿಸಲಿಲ್ರಿ ಅವರು."