ಮೂರು ಜ್ವರ, ಒಂದು ನಕ್ಷೆ

ಆ ಮಳೆಗಾಲ ನನಗೆ ಕುರ್ಚಿಯಲ್ಲಿ ನೆಮ್ಮದಿಯಿಂದ ಕೂರಲಾಗುತ್ತಿರಲಿಲ್ಲ. ತಮಿಳುನಾಡಿನ ತೇನಿಯ ಆರೋಗ್ಯ ಕಚೇರಿಯೊಂದರಲ್ಲಿ ನನ್ನದು ಜ್ವರದ ನಕ್ಷೆ ಮಾಡುವ ಕೆಲಸ. ಯಾವ ಊರಿನಲ್ಲಿ ಎಷ್ಟು ಜನಕ್ಕೆ ಡೆಂಗಿ, ಎಷ್ಟು ಜನಕ್ಕೆ ಇಲಿಜ್ವರ, ಎಷ್ಟು ಜನಕ್ಕೆ ಹೆಸರೇ ಗೊತ್ತಾಗದ ಜ್ವರ ಎಂದು ಆಸ್ಪತ್ರೆಗಳು ತಿಳಿಸುತ್ತವೆ. ಒಂದೊಂದು ಜ್ವರಕ್ಕೂ ಒಂದೊಂದು ನಕ್ಷೆ; ಜ್ವರ ಮಾಮೂಲಿಗಿಂತ ಹೆಚ್ಚಾದ ಊರು ಅದರಲ್ಲಿ ಕೆಂಪಾಗಬೇಕು, ಉಳಿದವು ಹಸಿರು. ಸಣ್ಣ ಊರಿನಲ್ಲಿ ಇಬ್ಬರು ಹೆಚ್ಚು ಮಲಗಿದರೂ ಲೆಕ್ಕ ಏರುಪೇರಾಗುತ್ತದೆ. ಅದಕ್ಕೇ ಅಕ್ಕಪಕ್ಕದ ಊರುಗಳ ಅಂಕಿಯನ್ನೂ ಬೆರೆಸಿ ನೋಡುತ್ತೇವೆ.

ಆ ವಾರ ಮೂರು ನಕ್ಷೆಗಳೂ ಹಸಿರಾಗಿದ್ದವು. ಆದರೂ ಕಂಬಂ ಹತ್ತಿರದ ಕಾಮಯಗೌಂಡನ್‌ಪಟ್ಟಿಯ ಸುತ್ತ ಮೂರು ಜ್ವರಗಳೂ ತುಸು ತುಸುವೇ ಏರಿದ್ದು ಕಣ್ಣಿಗೆ ಚುಚ್ಚುತ್ತಿತ್ತು. ಮೂರನ್ನೂ ಒಟ್ಟಿಗೆ ಲೆಕ್ಕಕ್ಕೆ ಹಾಕಿದೆ. ದ್ರಾಕ್ಷಿ ತೋಟಗಳ ಆ ಭಾಗವಷ್ಟೂ ಕೆಂಪಾಯಿತು.

ಮೇಲಧಿಕಾರಿ ನಕ್ಷೆ ನೋಡಿ ತಮಿಳಿನಲ್ಲಿ ಹೇಳಿದರು: “ಮುಂದಿನ ವಾರದ ಅಂಕಿಯೂ ಬರಲಿ ಅಮ್ಮಾ. ಪ್ರತಿ ಸಲ ಗಾಬರಿ ಮಾಡಿದರೆ ನಮ್ಮ ಮಾತು ಯಾರು ಕೇಳುತ್ತಾರೆ?”

ಅವರು ಹೇಳಿದ್ದು ತಪ್ಪಲ್ಲ. ಆದರೆ ನನ್ನ ಚಿಕ್ಕಮ್ಮ ಇರುವುದು ಅಲ್ಲೇ. ಫೋನ್ ಮಾಡಿದರೆ ಎತ್ತುತ್ತಿರಲಿಲ್ಲ. ಬೆಳಿಗ್ಗೆ ಕಂಬಂ ಬಸ್ಸು ಹತ್ತಿದೆ.

ಚಿಕ್ಕಮ್ಮ ಕಂಬಳಿ ಹೊದ್ದು ಜಗಲಿಯ ಮೇಲೆ ಮಲಗಿದ್ದಳು.

“ಏನ್ ಕಣ್ಣು, ಹೇಳ್ದೆ ಕೇಳ್ದೆ ಬಂದುಬುಟ್ಟೆ?”

“ಜರ ಎಷ್ಟು ದಿನದಿಂದ ಚಿಕ್ಕಮ್ಮ?”

“ಸಂತೆಗೆ ಹೋಗಿ ಬಂದಾಗಿಂದ ಕಾಯ್ಚಲು. ಡಾಕ್ಟ್ರ ಹತ್ರ ಊಸಿ ಚುಚ್ಚಿಸ್ದೆ, ಅಡಗ್ಲಿಲ್ಲ. ದ್ರಾಕ್ಷಿ ಚಪ್ಪರದ ಕೆಳಗೆ ಹುಲ್ಲು ಕಿತ್ತ ಆಯಾಸ, ಬೇರೇನಿಲ್ಲ ಪೋ.”

ಮೈ ಕೆಂಡದಂತಿತ್ತು. ಬಟ್ಟೆ ಸಡಿಲಿಸಿ ಒದ್ದೆ ಬಟ್ಟೆಯಿಂದ ಒರೆಸುವಾಗ ಸೊಂಟದ ಬಳಿ ಬೀಡಿಯಿಂದ ಸುಟ್ಟಂಥ ಕಪ್ಪು ಹಕ್ಕಳೆ ಕಂಡಿತು. ಹುಲ್ಲು, ಪೊದೆಗಳಲ್ಲಿರುವ ಸಣ್ಣ ಹುಳು ಕಚ್ಚಿ ಬರುವ ಸ್ಕ್ರಬ್ ಟೈಫಸ್ ಜ್ವರದ ಗುರುತು ಅದು. ಆಟೋ ಕರೆಸಿ ಆಸ್ಪತ್ರೆಗೆ ಸೇರಿಸಿದೆ. ವೈದ್ಯೆ ಹಕ್ಕಳೆ ನೋಡಿದವರೇ, ರಕ್ತದ ವರದಿಗೂ ಕಾಯದೆ ಮಾತ್ರೆ ಶುರು ಮಾಡಿದರು. ಎರಡು ದಿನಕ್ಕೆ ಜ್ವರ ಇಳಿದು ಚಿಕ್ಕಮ್ಮ ರಸಂ ಅನ್ನ ಕೇಳಿದಳು.

ಮೇಲಧಿಕಾರಿಗೆ ಆಸ್ಪತ್ರೆಯ ವರಾಂಡದಿಂದಲೇ ಫೋನ್ ಮಾಡಿದ್ದೆ. ಒಬ್ಬಳ ಜ್ವರದಿಂದ ಏನೂ ಸಾಬೀತಾಗುವುದಿಲ್ಲ ಎಂದು ನಾನೇ ಹೇಳಿದೆ. ಅವರು, “ಇರಲಿ, ತಪಾಸಣೆಗೆ ತಂಡ ಕಳಿಸುತ್ತೇನೆ” ಎಂದರು. ತೋಟದ ಕೆಲಸಕ್ಕೆ ಹೋಗುವ ಇನ್ನೂ ಕೆಲವರ ಮೈಮೇಲೆ ಅಂಥದ್ದೇ ಹಕ್ಕಳೆ ಸಿಕ್ಕಿತು. ಕೆಲವರದ್ದು ಡೆಂಗಿ ಎಂದು, ಕೆಲವರದ್ದು ಇಲಿಜ್ವರ ಎಂದು, ಕೆಲವರದ್ದು ಹೆಸರಿಲ್ಲದ ಜ್ವರವೆಂದು ಬೇರೆಬೇರೆ ಲೆಕ್ಕಕ್ಕೆ ಸೇರಿಹೋಗಿತ್ತು. ಅದಕ್ಕೇ ಯಾವ ನಕ್ಷೆಯೂ ಒಂಟಿಯಾಗಿ ಕೆಂಪಾಗಿರಲಿಲ್ಲ.

ಈಗ ಪ್ರತಿ ವಾರ ಮೂರನ್ನೂ ಕೂಡಿಸಿದ ನಕ್ಷೆ ಮಾಡುತ್ತೇವೆ. ಅದೂ ತಪ್ಪುತ್ತದೆ. ಅಂದು ಕೆಂಪಾಗಿದ್ದ ಪಕ್ಕದ ಊರೊಂದರಲ್ಲಿ ಏನೂ ಇರಲಿಲ್ಲ. ನೆರೆಯ ಊರುಗಳ ಅಂಕಿ ಅದಕ್ಕೂ ಬಣ್ಣ ಹಚ್ಚಿತ್ತು. ನಮ್ಮ ಜಿಲ್ಲೆಯ ಬೋಡಿಯಿಂದ ಘಾಟಿ ಹತ್ತಿ ಕೇರಳದ ಏಲಕ್ಕಿ ತೋಟಗಳಿಗೆ ಹೋಗುವವರು ಜ್ವರ ಬಂದರೆ ಅಲ್ಲೇ ಔಷಧಿ ತೆಗೆದುಕೊಳ್ಳುತ್ತಾರೆ, ನಮ್ಮ ಲೆಕ್ಕಕ್ಕೆ ಬರುವುದೇ ಇಲ್ಲ. ಆ ಕಡೆಯ ಅಂಕಿ ಕೊಡಿಸಿ ಎಂದು ಮೇಲಧಿಕಾರಿಯ ಬೆನ್ನು ಬಿದ್ದಿದ್ದೇನೆ. ಅಲ್ಲಿಯವರೆಗೆ, ತಣ್ಣಗೆ ಹಸಿರಾಗಿರುವ ಊರುಗಳನ್ನು ನೋಡಿದರೇ ನನಗೆ ಹೆಚ್ಚು ಕಳವಳ.