ತಪ್ಪಿದ ಒಂದಕ್ಷರ

ಮನುಷ್ಯನ ಅರಿವೆಲ್ಲ ಒಂದೆಡೆ ಸೇರಿ, ಯಾರು ಬೇಕಾದರೂ ತೆರೆದು ನೋಡುವಂತಾದರೆ ಲೋಕದ ಅರ್ಧ ದುಃಖ ಕಳೆಯುತ್ತದೆ. ಎಪ್ಪತ್ತರ ದಶಕದಲ್ಲಿ ಚಿತ್ರದುರ್ಗದ ನಮ್ಮ ಕಾಲೇಜಿಗೆ ಅಂಥ ಅರಿವು ಒಂದು ದಪ್ಪ ಪುಸ್ತಕವಾಗಿ ಬಂದು ಭೂಗೋಳದ ಕಪಾಟಿನೊಳಗಿತ್ತು. ಕಪಾಟಿನ ಬೀಗದ ಕೈ ಕಳೆದಿತ್ತು.

ಗ್ರಂಥಪಾಲಕರದ್ದು ತಪ್ಪಲ್ಲ. ರಟ್ಟಿನ ಮೇಲೆ ಭೂಪಟಗಳ ಪುಸ್ತಕಕ್ಕೆ ಹೇಳುವ ‘ಅಟ್ಲಾಸ್’ ಎಂಬ ಇಂಗ್ಲಿಷ್ ಪದವೇ ಇತ್ತು. ಒಳಗೆ ಮಾತ್ರ ಒಂದು ದೇಶವೂ ಇರಲಿಲ್ಲ. ಅದುವರೆಗೆ ಲೋಕದ ಪ್ರಯೋಗಾಲಯಗಳು ಬಿಡಿಸಿ ಓದಿದ ಪ್ರೋಟೀನುಗಳ ಸರಣಿಗಳನ್ನೆಲ್ಲ ಕಲೆಹಾಕಿ ಅಚ್ಚು ಹಾಕಿದ್ದರು. ಒಂದೊಂದು ಅಮೈನೋ ಆಮ್ಲಕ್ಕೆ ಒಂದೊಂದು ಅಕ್ಷರ, ಪುಟಗಟ್ಟಲೆ ಅಕ್ಷರ. ಕುರಿಯ ರಕ್ತದ್ದೂ ಇತ್ತು, ಮನುಷ್ಯನದ್ದೂ ಇತ್ತು. ರಸಾಯನಶಾಸ್ತ್ರದ ಮೇಷ್ಟ್ರಾದ ನಾನೇ ಅದರ ಏಕೈಕ ಓದುಗ, ಅದೂ ಪ್ಯೂನು ಚಿಲಕ ಕಿತ್ತುಕೊಟ್ಟ ಮೇಲೆ.

ಕೀಳಿಸಿದ್ದು ತಂಗಿಯ ಮಗಳಿಗಾಗಿ. ತಂಗಿಯನ್ನು ಜವನಗೊಂಡನಹಳ್ಳಿಯಲ್ಲಿ ಕುರಿ ಸಾಕುವವರ ಮನೆಗೆ ಕೊಟ್ಟಿದ್ದೆವು. ಶಾಲೆಗೆ ಹೋಗುವ ಹುಡುಗಿ ಆಗಾಗ ಮೂಳೆನೋವಿನಿಂದ ಹೊರಳಾಡುವಳು, ಕಣ್ಣು ಹಳದಿಯಾಗುವುದು. ಬೆಂಗಳೂರಿನ ಆಸ್ಪತ್ರೆಯವರು ರಕ್ತ ಪರೀಕ್ಷಿಸಿ, ಕೆಂಪುಕಣಗಳು ಕುಡುಗೋಲಿನಂತೆ ಬಾಗುವ ಕಾಯಿಲೆ ಎಂದಿದ್ದರು. ಪುಸ್ತಕದಲ್ಲಿ ಆ ಪುಟ ಸಿಕ್ಕಿತು. ಎಲ್ಲರ ರಕ್ತದಲ್ಲೂ ಇರಬೇಕಾದ ಸಾಲು, ಅದರ ಕೆಳಗೆ ಈ ಕಾಯಿಲೆಯವರ ಸಾಲು. ಒಂದು ಅಕ್ಷರ ಬೇರೆ, ಅಷ್ಟೇ.

ಗಂಡನೊಡನೆ ಮನೆಗೆ ಬಂದಿದ್ದ ತಂಗಿಗೆ ಅದನ್ನೇ ಹೇಳಿದೆ.

"ಒಂದಕ್ಷರ ತಪ್ಪೈತೆ ಕಣವ್ವ."

ಅವಳ ಮುಖ ಅರಳಿತು. "ನಮ್ಮತ್ತೆ ಆವತ್ತೇ ಬಡ್ಕಂಡ್ರು ಅಣ್ಣ! ಐನೋರು ಹೆಸರಿಗೆ ಕೊಟ್ಟಿದ್ದ ಅಕ್ಷರನೇ ಬೇರೆ. ಇವ್ರು ತಮ್ಮ ಸತ್ತ ಅಜ್ಜಿ ಹೆಸರೇ ಇಡ್ಬೇಕು ಅಂತ ಹಠ ಹಿಡಿದ್ರು."

"ಹೆಸರಿಂದಲ್ಲ, ರಕ್ತದ ಅಕ್ಷರ."

"ರಕ್ತದ ಅಕ್ಷರ ನೋಡಿನೇ ಅಲ್ವಾ ಹೆಸರಿಡಾದು?"

ಭಾವಮೈದುನ ನಡುವೆ ಬಂದ. "ಪುಸ್ತಕದಾಗೆ ಸರಿಯಾದ್ದು ಐತಲ್ಲ ಭಾವ. ನೋಡ್ಕಂಡು ತಿದ್ದಿದ್ರಾತು."

"ತಿದ್ದಾಕೆ ಬರಲ್ಲಪ್ಪ."

"ಇದೊಳ್ಳೆ ಕತೆ! ತಪ್ಪು ಗೊತ್ತು, ಸರಿ ಗೊತ್ತು, ತಿದ್ದಾದು ಗೊತ್ತಿಲ್ಲ. ಅಷ್ಟು ದಪ್ಪ ಪುಸ್ತಕ ಯಾಕ್ ಮಾಡಿದ್ರು?"

ನಾನು ಕಾಫಿ ತರಲು ಎದ್ದುಹೋದೆ.

ಊರಿನಲ್ಲಿ ಅವರು ತಮಗೆ ತಿಳಿದಂತೆ ತಿದ್ದಿದರು. ಹುಡುಗಿಯನ್ನು ಹೊಸ ಕಂಬಳಿಯ ಮೇಲೆ ಕೂರಿಸಿ, ಐನೋರ ಅಕ್ಷರದಲ್ಲಿ ಇನ್ನೊಂದು ಹೆಸರನ್ನು ಕಿವಿಯಲ್ಲಿ ಹೇಳಿಸಿದರು. ಸೋದರಮಾವನಾದ ನನಗೇ ಹೇಳು ಎಂದರು, ಹೇಳಿದೆ. ಹುಡುಗಿಯ ಕಿವಿ ಬಿಸಿಯಾಗಿತ್ತು.

"ಮಾವ, ಹಾಜರಿ ಕೂಗಿದ್ರೆ ಯಾವ ಹೆಸರಿಗೆ ಎಸ್ ಸಾರ್ ಅನ್ಲಿ?"

"ಎರಡಕ್ಕೂ ಅನ್ನು."

"ಆಗ ಒಬ್ಳೇ ಇಬ್ರಾಗ್ತೀನಿ!" ಎಂದು ನಕ್ಕಳು. ತಂಗಿ ಅವಳ ನಗುವನ್ನೇ ನೋಡುತ್ತ, ನೋಡಿದ್ಯಾ ಎಂಬಂತೆ ನನ್ನತ್ತ ತಿರುಗಿದಳು. ಅಂದಿನಿಂದ ಮನೆಯಲ್ಲಿ ಯಾರಾದರೂ ಬಾಯಿತಪ್ಪಿ ಹಳೆಯ ಹೆಸರು ಕೂಗಿದರೆ ಕೂಗಿದವರಿಗೆ ಬೈಗುಳ ಬೀಳುತ್ತಿತ್ತು. ನೋವು ಕೆಲವು ಕಾಲ ಬರಲೂ ಇಲ್ಲ. ಹಾಗೆ ಬಿಟ್ಟು ಬಿಟ್ಟು ಬರುವುದೇ ಆ ಕಾಯಿಲೆಯ ರೀತಿ ಎಂದು ನನಗೆ ಗೊತ್ತಿತ್ತು. ಆದರೂ ಹೊಸ ಹೆಸರನ್ನೇ ಕೂಗುತ್ತಿದ್ದೆ.

ಚಳಿಗಾಲದಲ್ಲಿ ಜ್ವರ ಬಂತು, ಅದರ ಹಿಂದೆ ಹಳೆಯ ಮೂಳೆನೋವೂ ಬಂತು. ಹುಡುಗಿ ಹಿರಿಯೂರಿನ ಆಸ್ಪತ್ರೆಯಲ್ಲಿ ತೀರಿಕೊಂಡಳು.