ಚಕ್ರ ತಿರುಗುವಷ್ಟು ಹೊತ್ತು

ಮುದ್ರಣಾಲಯದಲ್ಲಿ ಅವಳನ್ನು ಪುಟದಮ್ಮ ಎಂದು ಕರೆಯುತ್ತಾರೆ. ಶಾಲೆಯ ಪಠ್ಯಪುಸ್ತಕಗಳ ಪುಟಗಳನ್ನು ಕಂಪ್ಯೂಟರಿನಲ್ಲಿ ಜೋಡಿಸುವುದು ಅವಳ ಕೆಲಸ. ಪಾಠ ಎಲ್ಲಿ ಮುಗಿಯಬೇಕು, ಚಿತ್ರ ಎಲ್ಲಿ ಕೂರಬೇಕು, ಕಪ್ಪೆಯ ಹೊಟ್ಟೆಯೊಳಗಿಂದ ಹೊರಟ ಗೆರೆ ಯಾವ ಹೆಸರನ್ನು ಮುಟ್ಟಬೇಕು ಎಂದು ನೋಡಿಕೊಳ್ಳುವವಳು ಅವಳೇ. ಗೆರೆ ಕೂದಲೆಳೆಯಷ್ಟು ಜಾರಿದರೂ ಸಾಕು, ಒಂದಿಡೀ ತರಗತಿ ಕಪ್ಪೆಯ ಯಕೃತ್ತನ್ನು ಹೃದಯವೆಂದು ಕಲಿತುಬಿಡುತ್ತದೆ.

ಈ ಕೆಲಸವನ್ನು ಅವಳು ಮನೆಯಲ್ಲೇ ಕುಳಿತು ಮಾಡುತ್ತಾಳೆ. ಅದಕ್ಕೆ ಕಾರಣ ಅತ್ತೆಯ ಕಣ್ಣು. ಅತ್ತೆ ಜೀವನವಿಡೀ ಬಟ್ಟೆ ಹೊಲಿದವರು. ಈಗ ಅವರಿಗೆ ಎದುರಿಗಿರುವುದು ಕಾಣುವುದಿಲ್ಲ. ದೃಷ್ಟಿಯ ನಡುವೆ ಒಂದು ಕಪ್ಪು ಮಚ್ಚೆ ಕುಳಿತಿದೆ, ಅಂಚಿನಲ್ಲಷ್ಟೇ ಬೆಳಕು. ಒಂದು ದಿನ ಅವರು ಉರಿಯುವ ಒಲೆಯ ಮೇಲೆ ಪ್ಲಾಸ್ಟಿಕ್ ಜಗ್ಗು ಇಟ್ಟುಬಿಟ್ಟಿದ್ದರು. ಅಂದಿನಿಂದ ಅವರನ್ನು ಒಂಟಿಯಾಗಿ ಬಿಡುವಂತಿಲ್ಲ. ಗಂಡ ಲಿಫ್ಟ್ ಮೆಕ್ಯಾನಿಕ್. ಯಾವ ಕಟ್ಟಡದಲ್ಲಿ ಯಾರು ಸಿಕ್ಕಿಹಾಕಿಕೊಂಡರೂ ಎದ್ದು ಓಡಬೇಕಾದವನು, ಅವನನ್ನು ನಂಬಿ ಕೂರುವ ಹಾಗಿಲ್ಲ.

ಹೀಗಿರುವಾಗ ಕಂಪ್ಯೂಟರ್ ನಿಧಾನವಾಯಿತು.

ಬೆಳಿಗ್ಗೆ ಚೆನ್ನಾಗಿಯೇ ಇರುತ್ತಿತ್ತು. ಕೆಲಸ ಕಾವೇರಿದ ಮೇಲೆ ಕೈ ಕೊಡುತ್ತಿತ್ತು. ಒಂದು ಚಿತ್ರವನ್ನು ಎಡಕ್ಕೆ ಸರಿಸಿದರೆ ಪರದೆಯ ಮೇಲೆ ಪುಟ್ಟ ಚಕ್ರವೊಂದು ಕಾಣಿಸಿಕೊಂಡು ತಿರುಗತೊಡಗುತ್ತಿತ್ತು. ಅಷ್ಟು ಹೊತ್ತೂ ಅವಳು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಕಣ್ಣು ಮುಚ್ಚಿಕೊಂಡಿರುತ್ತಿದ್ದಳು. ಕಣ್ಣು ಬಿಟ್ಟಾಗಲೂ ಚಕ್ರ ತಿರುಗುತ್ತಲೇ ಇರುತ್ತಿತ್ತು.

"ನನ್ನ ಲಿಫ್ಟು ಮೇಲಿನ ಮಹಡಿಗೆ ಹೋಗಿ ಜನಾನ ಇಳಿಸಿ ವಾಪಸ್ ಬಂದ್ಬಿಡತ್ತೆ, ನಿನ್ನ ಒಂದು ಪುಟ ತೆರಿಯಲ್ವಲ್ಲೇ," ಎಂದ ಗಂಡ.

"ರೀ, ತಮಾಷೆ ಮಾಡೋದಾದ್ರೆ ಆ ಕಡೆ ಹೋಗಿ ಮಾಡಿ."

ಅವಳು ವಿಜ್ಞಾನದ ಪಾಠಗಳನ್ನು ವರ್ಷಗಟ್ಟಲೆ ಜೋಡಿಸಿದವಳು. ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಬೇಕು ಎಂಬ ಮಾತು ಪ್ರತಿ ತರಗತಿಯ ಪುಸ್ತಕದಲ್ಲೂ ಅವಳ ಕೈಯಿಂದಲೇ ದಾಟಿಹೋಗಿತ್ತು. ಹಾಗೆಯೇ ಮಾಡಿದಳು. ಬೇಡದ ಪ್ರೋಗ್ರಾಮುಗಳನ್ನು ತೆಗೆದಳು. ಹಳೆಯ ಪುಸ್ತಕಗಳನ್ನೆಲ್ಲ ಬೇರೆ ಡಿಸ್ಕಿಗೆ ಸಾಗಿಸಿ ಜಾಗ ಖಾಲಿ ಮಾಡಿದಳು. ವೈರಸ್ ಹುಡುಕಿಸಿದಳು. ಇಂಟರ್ನೆಟ್ ಕಿತ್ತು ನೋಡಿದಳು. ದೊಡ್ಡ ಚಿತ್ರಗಳ ಬದಲು ಸಣ್ಣ ಚಿತ್ರಗಳನ್ನು ಹಾಕಿ ನೋಡಿದಳು. ಪ್ರತಿ ಸಲವೂ ಬೆಳಿಗ್ಗೆ ಆಸೆ ಹುಟ್ಟುತ್ತಿತ್ತು, ಮಧ್ಯಾಹ್ನದ ಹೊತ್ತಿಗೆ ಚಕ್ರ ಬರುತ್ತಿತ್ತು.

ರಿಪೇರಿಯವನು ಬಂದ. ಅವನದು ಮುಖ್ಯರಸ್ತೆಯ ಮೆಟ್ಟಿಲ ಕೆಳಗಿನ ಅಂಗಡಿ. ದಪ್ಪ ಮೈ, ಸೋತ ಮುಖ, ಬಾಯಲ್ಲಿ ಯಾವಾಗಲೂ ಒಂದು ಸ್ಕ್ರೂ. ಅವನ ಮುಂದೆ ಕಂಪ್ಯೂಟರ್ ನೀರು ಕುಡಿದಷ್ಟು ಸಲೀಸಾಗಿ ಓಡಿತು. ಮತ್ತೊಮ್ಮೆ ಕರೆಸಿದಳು. ಮೆಮೊರಿ ಹೆಚ್ಚಿಸಿದ. ಅಂದೂ ಓಡಿತು. ಅವನು ಮೆಟ್ಟಿಲಿಳಿದು ಹೋದ ಮೇಲೆ ಮತ್ತೆ ಅದೇ ಕತೆ.

"ನಿಮ್ಮ ಕಂಪ್ಯೂಟರಿಗೆ ನನ್ನ ಕಂಡ್ರೆ ಭಯ ಅಕ್ಕಾ," ಎಂದ ಅವನು ಫೋನಿನಲ್ಲಿ. "ನನ್ನದೊಂದು ಫೋಟೋ ಪಕ್ಕದಲ್ಲಿ ಇಟ್ಕೊಳ್ಳಿ."

ಅವಳಿಗೆ ನಗು ಬರಲಿಲ್ಲ. ಹಿಂದಿನ ಎರಡು ಪಾಠಗಳು ತಡವಾಗಿದ್ದವು. ಮುದ್ರಣಾಲಯದ ಯಜಮಾನರು ಕೂಗಾಡುವವರಲ್ಲ. ಮೆಲ್ಲಗೆ ಹೇಳಿ ಮುಗಿಸುವವರು. "ನೋಡಿಮ್ಮಾ, ಕಪ್ಪೆ ಪಾಠ ಶುಕ್ರವಾರ ಸಂಜೆ ನಾವು ಬಾಗಿಲು ಹಾಕೋದ್ರೊಳಗೆ ಬರಬೇಕು. ಇಲ್ಲಾಂದ್ರೆ ಮುಂದಿನ ವಾರದಿಂದ ನೀವು ಇಲ್ಲೇ ಬಂದು ಕೂತು ಮಾಡ್ಬೇಕಾಗತ್ತೆ. ಇಲ್ಲಿ ಒಳ್ಳೆ ಯಂತ್ರ ಇದೆ." ಒಳ್ಳೆಯ ಯಂತ್ರವಿರುವುದು ಊರಿನ ಆಚೆ ತುದಿಯಲ್ಲಿ. ಬೆಳಿಗ್ಗೆ ಹೋದರೆ ಬರುವುದು ಕತ್ತಲಾದ ಮೇಲೆ. ಒಲೆಯ ಮುಂದೆ ಅತ್ತೆ ಒಬ್ಬರೇ.

ಶುಕ್ರವಾರ ಬೆಳಿಗ್ಗೆ ರಿಪೇರಿಯವನನ್ನು ಮತ್ತೆ ಕರೆಸಿದಳು. ಅವನು ಚೀಲದ ಜಿಪ್ಪು ಎಳೆಯಲು ಹೋದಾಗ ತಡೆದಳು.

"ಇವತ್ತು ನೀವು ಏನೂ ಮುಟ್ಬೇಡಿ. ಆ ಮೂಲೇಲಿ ಸುಮ್ನೆ ಕೂತ್ಕೊಳ್ಳಿ. ನಾನು ದಿನಾ ಮಾಡೋ ಹಾಗೆ ಮಾಡ್ತೀನಿ."

"ಸುಮ್ನೆ ಕೂರೋಕೆ ನನ್ನ ಕರೆದ್ರಾ?"

"ಟೀ ಕೊಡ್ತೀನಿ."

"ಹಾಗಿದ್ರೆ ಸರಿ."

ಅವನು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಲೋಟ ಹಿಡಿದು ಕೂತ. ಅವಳು ಕಪ್ಪೆಯನ್ನು ತೆರೆದಳು. ಕೆಳಗಿನ ಮನೆಯಲ್ಲಿ ಬಡಗಿಯ ಕಾರ್ಖಾನೆ. ಗರಗಸ ಶುರುವಾದರೆ ಕೋಣೆಯಲ್ಲಿ ಮಾತು ಕೇಳಿಸದು, ಮರದ ಹೊಟ್ಟು ಕಿಟಕಿಯ ಸಂದಿಯಲ್ಲಿ ನುಗ್ಗಿ ಎಲ್ಲದರ ಮೇಲೂ ಹಳದಿ ಪುಡಿಯಾಗಿ ಕೂರುತ್ತದೆ. ಆ ಗದ್ದಲದಲ್ಲಿ ಇಬ್ಬರೂ ಮಾತಾಡಲಿಲ್ಲ. ಕಪ್ಪೆಯ ಶ್ವಾಸಕೋಶ ತನ್ನ ಜಾಗಕ್ಕೆ ಬಂತು, ಮೂತ್ರಪಿಂಡ ಬಂತು. ಚಕ್ರ ಒಮ್ಮೆಯೂ ಕಾಣಿಸಲಿಲ್ಲ. ರಿಪೇರಿಯವನ ತಲೆ ಎದೆಯ ಮೇಲೆ ವಾಲಿತು.

ಆಗ ಅತ್ತೆ ಒಳಗಿಂದ ಬಂದರು. ತೋಳಿನ ಮೇಲೆ ಮಡಿಸಿದ ಬಟ್ಟೆಯೊಂದಿತ್ತು. ಗೋಡೆ ಸವರಿಕೊಂಡು ಮೇಜಿನ ಬಳಿ ಬಂದು, ಮೊಣಕಾಲೂರಿ, ಮೇಜಿನ ಕೆಳಗಿದ್ದ ಕಂಪ್ಯೂಟರ್ ಪೆಟ್ಟಿಗೆಗೆ ಆ ಬಟ್ಟೆಯನ್ನು ತೊಡಿಸಿದರು. ಕೋಟಿನ ದಪ್ಪ ಬಟ್ಟೆ, ಒಳಗೆ ಅಸ್ತರಿ, ಗುಂಡಿ ಒತ್ತಲು ಮುಂದೆ ಒಂದು ಪುಟ್ಟ ಮುಚ್ಚಳ. ಪೆಟ್ಟಿಗೆಯ ಮೈಗೆ ಚರ್ಮದಂತೆ ಅಂಟಿ ಕೂತಿತು. ಹಿಂದುಗಡೆಯ ದಾರಗಳನ್ನು ಬೆರಳಿನಿಂದಲೇ ಹುಡುಕಿ ಬಿಗಿಯಾಗಿ ಕಟ್ಟಿದರು. ಮಗುವಿಗೆ ಅಂಗಿ ಹಾಕಿದವರಂತೆ ಒಮ್ಮೆ ಮೇಲಿನಿಂದ ಕೆಳಕ್ಕೆ ಸವರಿ, ಎದ್ದು ಹೋದರು. ಮೂಲೆಯಲ್ಲಿ ಕೂತವನು ಅವರ ಕಣ್ಣಿಗೆ ಬೀಳಲಿಲ್ಲ.

ಪುಟದಮ್ಮ ತಲೆ ಎತ್ತಿಯೂ ನೋಡಲಿಲ್ಲ. ಇದು ದಿನವೂ ನಡೆಯುವುದು, ಕಸ ಗುಡಿಸಿದಷ್ಟೇ ಸಹಜ. ಆದರೆ ರಿಪೇರಿಯವನು ಕಣ್ಣು ಬಿಟ್ಟಿದ್ದ. ಲೋಟ ಕೆಳಗಿಟ್ಟು ಮುಂದಕ್ಕೆ ಬಾಗಿ ಕೂತ.

ಸ್ವಲ್ಪ ಹೊತ್ತಿಗೆ ಪೆಟ್ಟಿಗೆಯ ಫ್ಯಾನು ಸದ್ದು ಏರಿಸಿತು. ಇನ್ನೂ ಸ್ವಲ್ಪ ಹೊತ್ತಿಗೆ ಕಪ್ಪೆಯ ಮೇಲೆ ಚಕ್ರ ಬಂತು.

"ಬಂತು ನೋಡಿ!" ಎಂದಳು. ದನಿಯಲ್ಲಿ ಸಂತೋಷವೇ ಇತ್ತು.

ಅವನು ಬಂದು ಹೊದಿಕೆಯ ಮೇಲೆ ಅಂಗೈ ಇಟ್ಟ. ಬಿಸಿ ಬಟ್ಟೆಯನ್ನೂ ದಾಟಿ ಬರುತ್ತಿತ್ತು. "ಅಕ್ಕಾ, ಇದು ನಾನು ಬಂದಾಗ ಯಾವತ್ತೂ ಇರ್ಲಿಲ್ವಲ್ಲ?"

"ನೀವು ಬರ್ತೀರಿ ಅಂದ್ರೆ ಅತ್ತೆ ಬಿಚ್ಚಿ ಇಡ್ತಾರೆ. ನಿಮ್ಮ ಎಣ್ಣೆ ಕೈ ಬಟ್ಟೆಗೆ ತಗಲಬಾರದು ಅಂತ." ಹೇಳುತ್ತ ಹೇಳುತ್ತಲೇ ಅವಳ ಮಾತು ನಿಧಾನವಾಯಿತು. ಎಲ್ಲವನ್ನೂ ಒಂದೊಂದಾಗಿ ಬದಲಿಸಿ ನೋಡಿದ್ದಳು. ಇದೊಂದು ಅವಳಿಗೆ ಬದಲಿಸುವ ವಸ್ತುವಾಗಿ ಕಂಡೇ ಇರಲಿಲ್ಲ; ಅದು ಮನೆಯ ಭಾಗವಾಗಿತ್ತು.

"ಒಳಗೆ ಬಿಸಿ ಏರಿದ್ರೆ ಇದು ಸುಟ್ಟು ಹೋಗಬಾರದು ಅಂತ ತಾನೇ ಓಟ ಕಡಿಮೆ ಮಾಡ್ಕೊಳ್ಳತ್ತೆ," ಎಂದ ಅವನು. "ಗಾಳಿ ಹೋಗೋ ಕಡೆ, ಬರೋ ಕಡೆ, ಎರಡೂ ಮುಚ್ಚಿದೆ." ಹೊದಿಕೆಯ ಮೇಲಿಂದ ಕೈ ತೆಗೆದು ಸೇರಿಸಿದ, "ಹೋದ ವರ್ಷ ನಾನೇ ಹೇಳಿದ್ದು. ಹೊಟ್ಟು ಕ್ಲೀನ್ ಮಾಡುವಾಗ. ಅಜ್ಜೀ, ಇದಕ್ಕೆ ದೂಳೇ ಶತ್ರು, ಒಳಗೆ ಬಿಡ್ಬೇಡಿ ಅಂತ."

ಅತ್ತೆ ಆ ಮಾತನ್ನು ನಂಬಿ ಹೊಲಿದಿದ್ದರು. ಕಣ್ಣು ಪೂರ್ತಿ ಕೈ ಕೊಡುವ ಮುನ್ನ ಅವರು ಹೊಲಿದ ಕೊನೆಯ ಬಟ್ಟೆ ಅದು. ಅದು ಪುಟದಮ್ಮನಿಗೆ ಗೊತ್ತಿತ್ತು. ಹೊಲಿಗೆ ಮೆಷಿನ್ನಿನ ಮೇಲೆ ಈಗ ಮಡಿಸಿದ ಬಟ್ಟೆಗಳನ್ನು ಪೇರಿಸುತ್ತಾರೆ.

"ನೀವೇ ಹೇಳಿ," ಎಂದು ಪಿಸುಗುಟ್ಟಿದಳು.

"ನಾನ್ಯಾಕೆ? ನಿಮ್ಮ ಅತ್ತೆ."

"ಅವರು ನಂಬಿದ್ದು ನಿಮ್ಮ ಮಾತು."

ಕೆಳಗೆ ಗರಗಸ ನಿಂತಿತ್ತು. ಬಾಗಿಲಲ್ಲಿ ಅತ್ತೆ ನಿಂತಿದ್ದರು. "ಯಾರದು, ರಿಪೇರಿಯವನು ಇನ್ನೂ ಇಲ್ಲೇ ಇದ್ದಾನಾ? ಹೋದ ಅಂದ್ಕೊಂಡಿದ್ದೆ. ಯಾಕೆ ಇಬ್ಬರೂ ಬಾಯಿಗೆ ಹೊಲಿಗೆ ಹಾಕ್ಕೊಂಡಿದ್ದೀರಿ?"

ಪುಟದಮ್ಮ ಹೇಳಿದಳು. ಬೇರೆ ದಾರಿಯಿರಲಿಲ್ಲ, ಸಂಜೆಯೊಳಗೆ ಕಪ್ಪೆ ಹೋಗಬೇಕಿತ್ತು. ಅತ್ತೆ ಪೂರ್ತಿ ಕೇಳಿದರು. ಬಂದು, ಕೂತು, ತಾವೇ ಕಟ್ಟಿದ ದಾರಗಳನ್ನು ತಾವೇ ಬಿಚ್ಚಿದರು.

"ಅಂದ್ರೆ ಇಷ್ಟು ದಿನ ನಿನ್ನ ಕತ್ತು ಹಿಸುಕಿದ್ದು ನಾನು."

"ಕಂಪ್ಯೂಟರಿನ ಕತ್ತು ಅತ್ತೆ. ನನ್ನದಲ್ಲ."

"ಎರಡೂ ಒಂದೇ ಬಿಡು."

ಹೊದಿಕೆ ಹಿಡಿದು ಒಳಗೆ ಹೋದರು. ರಿಪೇರಿಯವನು ಚೀಲ ಹೆಗಲಿಗೇರಿಸಿ, ಆಗಾಗ ಬಂದು ಹೊಟ್ಟು ಊದಿ ತೆಗೆದು ಹೋಗುವುದಾಗಿ ಹೇಳಿ, ಮೆಟ್ಟಿಲಿಳಿದ. ಪೆಟ್ಟಿಗೆ ತಣ್ಣಗಾಗುತ್ತ ಬಂದಂತೆ ಚಕ್ರ ಮಾಯವಾಯಿತು. ಅವಳು ಕೆಲಸ ಮುಂದುವರಿಸಿದಳು. ಬೆನ್ನು ನೋಯುತ್ತಿತ್ತು. ಒಳಗಿಂದ ಸದ್ದಿಲ್ಲ. ಎದ್ದು ಹೋಗಿ ಏನಾದರೂ ಹೇಳಬೇಕೆನ್ನಿಸಿತು. ಕಪ್ಪೆಯ ಹಿಂಗಾಲಿನ್ನೂ ಬಾಕಿಯಿತ್ತು.

ಸ್ವಲ್ಪ ಹೊತ್ತಿನ ಮೇಲೆ ಅತ್ತೆಯೇ ಬಂದರು. ಕೈಯಲ್ಲಿ ಕತ್ತರಿ, ಸೀಮೆಸುಣ್ಣದ ತುಂಡು, ಹಳೆಯ ಕಿಟಕಿ ಪರದೆಯ ಜಾಲರಿ ಬಟ್ಟೆ.

"ಇದು ಓಡ್ತಾ ಇದೆ ತಾನೇ?"

"ಓಡ್ತಿದೆ."

"ನಿಲ್ಲಿಸ್ಬೇಡ. ಅವತ್ತು ಆರಿಸಿಟ್ಟಾಗ ಅಳತೆ ತಗೊಂಡೆ, ಅದೇ ತಪ್ಪು. ಗಿರಾಕಿಗೆ ಉಸಿರು ಎಳ್ಕೊಳ್ಳಿ ಅಂತ ಹೇಳದೆ ಎದೆ ಸುತ್ತ ಟೇಪು ಹಿಡಿದವಳಲ್ಲ ನಾನು. ಇದೂ ಉಸಿರಾಡತ್ತೆ ಅಂತ ಯಾರಿಗೆ ಗೊತ್ತಿತ್ತು?"

ಅವರು ಎರಡೂ ಅಂಗೈಗಳನ್ನು ಪೆಟ್ಟಿಗೆಯ ಸುತ್ತ ನಿಧಾನವಾಗಿ ಆಡಿಸಿದರು. ಕಣ್ಣು ಬೇರೆಲ್ಲೋ ಇತ್ತು. "ಇಲ್ಲಿ ಒಳಗೆ ಎಳೀತಿದೆ... ಇಲ್ಲಿ ಬಿಡ್ತಿದೆ, ಬಿಸಿ... ಈ ಪಕ್ಕದಲ್ಲೂ ಒಂದಿಷ್ಟು." ಹೊದಿಕೆಯನ್ನು ಸಡಿಲವಾಗಿ ಮೇಲೆ ಹೊದಿಸಿ, ಒಂದು ಕೈ ಗಾಳಿಯ ಮೇಲೇ ಇಟ್ಟುಕೊಂಡು, ಇನ್ನೊಂದರಿಂದ ಗುರುತು ಹಾಕಿದರು. ಆಮೇಲೆ ನೆಲದ ಮೇಲೆ ಕೂತು ಕತ್ತರಿಸಿದರು. ಜಾಲರಿ ಇಟ್ಟು ಕೈಹೊಲಿಗೆ ಹಾಕಿದರು. ಸೂಜಿಗೆ ನೂಲು ಪೋಣಿಸಲು ಮಾತ್ರ ಅವಳ ಮುಂದೆ ಹಿಡಿದರು. ಅವಳು ಪೋಣಿಸಿಕೊಟ್ಟು ಮತ್ತೆ ಕಪ್ಪೆಗೆ ತಿರುಗಿದಳು.

ಹೊದಿಕೆ ಮತ್ತೆ ಮೈಗೇರಿತು. ಈ ಸಲ ಸ್ವಲ್ಪ ಸಡಿಲವಾಗಿ. ಅವಳು ಬೇಕೆಂದೇ ದೊಡ್ಡ ಚಿತ್ರಗಳನ್ನೆಲ್ಲ ಒಟ್ಟಿಗೆ ತೆರೆದು ಕಾದು ನೋಡಿದಳು. ಫ್ಯಾನಿನ ಸದ್ದು ಏರಿತು, ಆದರೆ ಒಂದು ಮಟ್ಟಕ್ಕಿಂತ ಮೇಲೆ ಹೋಗಲಿಲ್ಲ. ಪುಟಗಳು ಓಡುತ್ತಲೇ ಇದ್ದವು.

ಮುದ್ರಣಾಲಯ ಬಾಗಿಲು ಹಾಕುವ ಮೊದಲೇ ಕಪ್ಪೆ ಹೊರಟಿತು. ಯಜಮಾನರು ಫೋನು ಮಾಡಿದರು. "ಬಂತಮ್ಮಾ. ಹೀಗೇ ಬರ್ತಾ ಇದ್ರೆ ನೀವು ಅಲ್ಲೇ ಇರಿ, ಇಲ್ಲಿಗೆ ಬರೋ ಮಾತು ಬೇಡ. ಸಸ್ಯಗಳ ಪಾಠ ಕಳಿಸಿದ್ದೀನಿ, ಈಗಲೇ ಒಮ್ಮೆ ನೋಡ್ಬಿಡಿ."

ಸಂತೋಷಪಡಲು ಬೇಕಾಗುವಷ್ಟು ಶಕ್ತಿಯೂ ಅವಳಲ್ಲಿ ಉಳಿದಿರಲಿಲ್ಲ. ಅತ್ತೆ ಪಕ್ಕದಲ್ಲೇ ಕೂತು ಹೊಲಿಗೆಯ ಮೇಲೆ ಬೆರಳಾಡಿಸುತ್ತಿದ್ದರು.

"ಸೊಟ್ಟಗಿದೆ, ಅಲ್ವಾ?"

ಪುಟದಮ್ಮ ಬಗ್ಗಿ ನೋಡಿದಳು. "ಸ್ವಲ್ಪ."

"ಸ್ವಲ್ಪ ಅಲ್ಲ, ತುಂಬಾನೇ ಇದೆ. ಆದ್ರೂ ಇಲ್ಲ ಅನ್ನಲಿಲ್ವಲ್ಲ ನೀನು, ಅಷ್ಟು ಸಾಕು."

ಅವಳು ಸಸ್ಯಗಳ ಪಾಠ ತೆರೆಯಲು ಗುಂಡಿ ಒತ್ತಿದಳು. ರೂಢಿಯಂತೆ ಕೈ ಕನ್ನಡಕಕ್ಕೆ ಹೋಯಿತು. ಅದು ಕಿವಿಯಿಂದ ಇಳಿಯುವ ಮೊದಲೇ ಪಾಠ ತೆರೆದುಕೊಂಡಿತು. ಬೇರು, ಕಾಂಡ, ಎಲೆ, ಎಲ್ಲವೂ ಒಮ್ಮೆಲೇ ಕೆಲಸ ಕೇಳುತ್ತ ನಿಂತವು. ದಿನದಲ್ಲಿ ಅವಳು ಕಣ್ಣು ಮುಚ್ಚುತ್ತಿದ್ದದ್ದು ಆ ಚಕ್ರ ತಿರುಗುವಷ್ಟು ಹೊತ್ತು ಮಾತ್ರ ಎಂಬುದು ಅವಳಿಗೆ ಈಗ ಹೊಳೆಯಿತು. ಕನ್ನಡಕವನ್ನು ಮೇಜಿನ ಮೇಲಿಟ್ಟು ಕಣ್ಣು ಮುಚ್ಚಿಕೊಂಡಳು.

ಕೀಲಿಮಣೆಯ ಸದ್ದು ಕೇಳಿಸದೆ ಅತ್ತೆಯ ಕೈ ಗಾಬರಿಯಿಂದ ಪೆಟ್ಟಿಗೆಯ ಕಡೆ ಚಾಚಿತು. "ಯಾಕೆ, ಮತ್ತೆ ನಿಂತುಹೋಯ್ತಾ?"

"ಇಲ್ಲ ಅತ್ತೆ. ಅದು ಓಡ್ತಿದೆ. ನಿಂತಿರೋದು ನಾನು."